ಮೊದಲ ಪರದೆಯ ಫೋಟೊ

ಅಭ್ಯಾಸ ಪರೀಕ್ಷೆ ನಡೆಸುವ ನಮ್ಮ ಆ್ಯಪ್ ತೆರೆದರೆ ಮೊದಲು ಕಾಣುವುದು ಮಾಲೀಕರ ಫೋಟೊ. ಕೋಟು ಹಾಕಿಕೊಂಡು, ಕೈಕಟ್ಟಿಕೊಂಡು, ಗದ್ದ ತುಸು ಮೇಲೆತ್ತಿ ನಿಂತಿದ್ದಾರೆ. ಫೋಟೊದಲ್ಲಿಯೇ ಕೆಳಗೆ ‘ಸಂಪೂರ್ಣ ನಮ್ಮದೇ ತಂತ್ರಜ್ಞಾನ’ ಎಂಬ ಸಾಲು. ಆ ಫೋಟೊ ಪರದೆಯ ಮೇಲೆ ಎಷ್ಟು ದೊಡ್ಡದಿರಬೇಕು, ಹಿಂದಿನ ಬಣ್ಣ ಯಾವುದಿರಬೇಕು ಎಂದು ನಮ್ಮ ಕಚೇರಿಯಲ್ಲಿ ನಡೆದಷ್ಟು ಚರ್ಚೆ ಆ್ಯಪಿನ ಬೇರೆ ಯಾವ ಭಾಗದ ಬಗ್ಗೆಯೂ ನಡೆದಿಲ್ಲ. ಆ ಚರ್ಚೆಗಳಲ್ಲಿ ನಾನೂ ಕೂತಿದ್ದೇನೆ, ಮುಖ ಗಂಟಿಕ್ಕಿಕೊಂಡು ಚಹಾ ಕುಡಿದಿದ್ದೇನೆ.

ಕಂಪನಿ ಇರುವುದು ಧಾರವಾಡದ ಹತ್ತಿರ ನವನಗರದಲ್ಲಿ, ಒಂದು ಮನೆಯ ಮೇಲಂತಸ್ತಿನಲ್ಲಿ. ಆ್ಯಪ್ ತಿದ್ದುವುದು, ಹೊಸ ಆವೃತ್ತಿಯನ್ನು ಆ್ಯಪ್ ಸ್ಟೋರಿಗೆ ಕಳಿಸುವುದು, ಬಳಸುವವರು ಫೋನ್ ಮಾಡಿದರೆ ಉತ್ತರ ಹೇಳುವುದು ನನ್ನ ಕೆಲಸ. ಗಿರಾಕಿಗಳು ಬಂದರೆ ಮಾಲೀಕರು ಅವರನ್ನು ಒಂದು ಗಾಜಿನ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಹಸಿರು ದೀಪ ಮಿನುಗುವ ಒಂದು ಕರಿ ಪೆಟ್ಟಿಗೆ ಇದೆ; ಅದಕ್ಕೆ ಕುಂಕುಮ, ಶುಕ್ರವಾರ ಹೂವಿನ ಹಾರ. “ಇದ ನೋಡ್ರಿ ನಮ್ಮ ಕ್ಲೌಡ್,” ಎಂದು ಮೆಲ್ಲಗೆ, ಗರ್ಭಗುಡಿಯ ಮುಂದೆ ನಿಂತವರ ಹಾಗೆ ಹೇಳುತ್ತಾರೆ. ಆ ಪೆಟ್ಟಿಗೆ ಕೆಟ್ಟುಹೋದ ಸಿಸಿಟಿವಿ ರೆಕಾರ್ಡರ್. ನಮ್ಮ ಮಾಹಿತಿಯೆಲ್ಲ ಇರುವುದು ಪರದೇಶದ ಕಂಪನಿಯೊಂದರಿಂದ ಬಾಡಿಗೆಗೆ ಪಡೆದ ಕಂಪ್ಯೂಟರಿನಲ್ಲಿ. ಬಾಡಿಗೆಗೆ ಪಡೆಯುವುದರಲ್ಲಿ ತಪ್ಪೇನಿಲ್ಲ, ಈಗ ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಗಿರಾಕಿಗಳು ಆ ಸತ್ತ ಪೆಟ್ಟಿಗೆಗೆ ಕೈಮುಗಿಯುವುದನ್ನು ನೋಡಿದಾಗಲೆಲ್ಲ ನನಗೆ ಮೈಮೇಲೆ ಹಲ್ಲಿ ಬಿದ್ದಂತಾಗುತ್ತದೆ.

ಆ್ಯಪೂ ನಮ್ಮದಲ್ಲ. ಬೇರೆ ಬೇರೆ ಊರು ದೇಶಗಳ ಎಷ್ಟೋ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ, ಮಾರಲಿ ಎಂದು ಬಿಟ್ಟುಕೊಟ್ಟ ಮುಕ್ತ ತಂತ್ರಾಂಶ ಅದು. ಷರತ್ತು ಎರಡೇ. ಬರೆದವರ ಹೆಸರು ಅಳಿಸಬಾರದು. ನಾವು ತಿದ್ದಿದ್ದನ್ನು ಬಳಸುವವರು ಕೇಳಿದರೆ ಕೊಡಬೇಕು. ಪುಕ್ಕಟೆ ಊಟಕ್ಕೆ ಕೂತವನಿಗೆ ಎಲೆ ನೀನೇ ಎತ್ತು ಅಂದಷ್ಟು ಸಣ್ಣ ಮಾತು. ನಮ್ಮ ಮಾಲೀಕರಿಗೆ ಅದೂ ಗಂಟಲಿನಲ್ಲಿ ಸಿಕ್ಕಿಕೊಂಡಿತು. ‘ಬ್ಯಾರೇದವರ ಹೆಸರು ಎಲ್ಲೆ ಕಂಡರೂ ತಗೀರಿ’ ಎಂದು, ನನಗಿಂತ ಮೊದಲು ಅಲ್ಲಿದ್ದವರಿಗೆ ಅಪ್ಪಣೆ ಕೊಟ್ಟಿದ್ದರು. ಅವರು ಹೆಸರಿದ್ದ ಕಡತಗಳನ್ನೇ ಹಿಡಿಹಿಡಿಯಾಗಿ ಕಿತ್ತು ಹಾಕಿದ್ದರು. ಅದರ ಜೊತೆಗೆ ಏನು ಹೋಯಿತು ಎಂದು ಯಾರೂ ನೋಡಲಿಲ್ಲ.

ಆ್ಯಪನ್ನು ಕೊಂಡವರಲ್ಲಿ ಧಾರವಾಡದ ಸಪ್ತಾಪುರದ ಒಂದು ತರಬೇತಿ ಕೇಂದ್ರವೂ ಇತ್ತು. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುವವರಿಗೆ ಅಲ್ಲಿ ಪಾಠ, ಮೊಬೈಲಿನಲ್ಲಿ ಅಭ್ಯಾಸ ಪರೀಕ್ಷೆ. ಅಲ್ಲಿಂದಲೇ ಒಂದು ಮಧ್ಯಾಹ್ನ ಫೋನ್ ಬಂತು. ಹೆಣ್ಣು ದನಿ.

“ಅಕ್ಕಾರ, ನಿಮ್ಮ ಆ್ಯಪಿಗೆ ಏನಾಗೈತ್ರಿ? ಪ್ರಶ್ನಿ ಓದು ಅಂದ್ರ ಪೌಂಡ್ ಪೌಂಡ್ ಅಂತ ಒದರಾಕತ್ತೈತಿ.”

“ಪೌಂಡ್?”

“ಹೂನ್ರಿ, ಲಂಡನ್ನಿನ ರೊಕ್ಕ. ಬಟನ್ ಮುಟ್ಟಿದ್ರ ಬರೇ ಬಟನ್, ಬಟನ್, ಬಟನ್. ಯಾವ ಬಟನ್ ಅಂತ ಹೇಳಂಗಿಲ್ಲ. ನನಗ ಕಣ್ಣು ಕಾಣಂಗಿಲ್ರಿ. ಫೋನು ಓದಿದ್ದ ಕೇಳಿ ಅಭ್ಯಾಸ ಮಾಡ್ತೇನಿ.”

“ಮೊದಲಿಂದನೂ ಹಿಂಗ ಐತೇನ್ರಿ?”

“ಇಲ್ರಿ. ನಮ್ಮ ಸರ್ ಮೊದಲ ಒಂದು ಹಾಕಿದ್ದರು, ಅದು ಛಲೋ ಓದತಿತ್ತು. ನಿಮ್ಮದು ಬಂತು, ನನ್ನ ಓದು ನಿಂತತು. ಈ ಸಲ ಪರೀಕ್ಷಾ ತಪ್ಪಿದ್ರ ನನಗ ವಯಸ್ಸು ಮೀರತೈತ್ರಿ. ಮತ್ತ ಬರ್ಯಾಕ ಬರಂಗಿಲ್ಲ.”

ಅವಳ ಮಾತಿನಲ್ಲಿ ಅಳು ಇರಲಿಲ್ಲ. ಕರೆಂಟು ಹೋಗಿದೆ ಎಂದು ವಿದ್ಯುತ್ ಕಚೇರಿಗೆ ತಿಳಿಸುವವರ ದನಿ. ಅದೇ ನನಗೆ ಹೆಚ್ಚು ಚುಚ್ಚಿತು.

ಮರುದಿನ ಸ್ಕೂಟಿ ತೆಗೆದುಕೊಂಡು ಸಪ್ತಾಪುರಕ್ಕೆ ಹೋದೆ. ಅವಳ ಊರು ಶಿರಗುಪ್ಪಿ. ಇಲ್ಲಿ ಬಾಡಿಗೆ ಕೋಣೆ. ಸ್ಟೋವ್, ನೀರಿನ ಕೊಡ, ಹಾಸಿಗೆ ಎಲ್ಲವೂ ಕೈ ಚಾಚಿದರೆ ಸಿಗುವಂತಿದ್ದವು. ಫೋನ್ ಹಿಡಿದು ಅವಳು ಒಂದು ಬೆರಳು ಸರಿಸುತ್ತಾ ಹೋದಳು. ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿರುವುದನ್ನು ಫೋನು ಓದಬೇಕು. ಅದು ಓದುವ ವೇಗಕ್ಕೆ ನನಗೆ ಒಂದಕ್ಷರ ತಿಳಿಯಲಿಲ್ಲ.

“ತಡೀರಿ, ನಿಮಗ ಸಾವಕಾಶ ಮಾಡ್ತೇನಿ,” ಎಂದು ನಗುತ್ತಾ ವೇಗ ತಗ್ಗಿಸಿದಳು.

ಆಗ ಕೇಳಿಸಿತು. ಮೊದಲ ಪರದೆಯಲ್ಲಿ, “ಹೆಸರಿಲ್ಲದ ಚಿತ್ರ.” ಆಮೇಲೆ ಬಟನ್, ಬಟನ್, ಬಟನ್. ಒಂದು ಪ್ರಶ್ನೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಗದ್ದಲ, ನಡುನಡುವೆ ಪೌಂಡ್.

“ಈ ಹೆಸರಿಲ್ಲದ ಚಿತ್ರ ಏನ್ರಿ ಅಕ್ಕಾರ? ದಿನಾ ಅದನ್ನ ದಾಟಿ ಹೋಗಬೇಕು. ಮುಟ್ಟಿದ್ರ ಏನೂ ಆಗಂಗಿಲ್ಲ.”

“ನಮ್ಮ ಮಾಲೀಕರ ಫೋಟೊ ರಿ.”

“ಓ,” ಅಂದಳು. ಅದಕ್ಕಿಂತ ಹೆಚ್ಚಿನದೇನೂ ಆ ವಿಷಯದಲ್ಲಿ ಅವಳಿಗೆ ಬೇಕಾಗಿರಲಿಲ್ಲ.

ಕಚೇರಿಗೆ ಬಂದು ಒಂದೊಂದೇ ಬಿಚ್ಚಿ ನೋಡಿದೆ. ಬಟನ್‌ಗಳ ಮೇಲೆ ಬಾಣ, ಮನೆ, ಗಡಿಯಾರದ ಚಿತ್ರಗಳಿವೆ. ಕಣ್ಣಿದ್ದವರಿಗೆ ಅಷ್ಟು ಸಾಕು. ಕಣ್ಣಿಲ್ಲದವರಿಗಾಗಿ ಪ್ರತಿ ಬಟನ್ನಿಗೂ ಒಳಗೆ ಒಂದು ಹೆಸರು ಬರೆದಿಡಬೇಕು. ಮೂಲ ತಂತ್ರಾಂಶದಲ್ಲಿ ಆ ಹೆಸರುಗಳೆಲ್ಲ ಕನ್ನಡದಲ್ಲಿಯೇ ಇದ್ದವು. ಸಂಬಳವಿಲ್ಲದೆ ಯಾರೋ ಕೂತು ‘ಮುಂದಿನ ಪ್ರಶ್ನೆ’, ‘ಉತ್ತರ ಬದಲಿಸಿ’, ‘ಉಳಿದ ಸಮಯ’ ಎಂದು ಒಂದೊಂದಾಗಿ ಬರೆದು, ಕಡತದ ತಲೆಗೆ ತಮ್ಮ ಹೆಸರು ಹಾಕಿದ್ದರು. ಆ ಹೆಸರುಗಳೇ ಕಡತಕ್ಕೆ ಮುಳುವಾದವು. ಮಾಲೀಕರ ಅಪ್ಪಣೆಯ ದಿನ ಅದೂ ಕಸದ ಬುಟ್ಟಿಗೆ ಹೋಗಿತ್ತು.

ಪೌಂಡಿನ ಕಥೆ ಬೇರೆ. ಸರ್ ಮೊದಲು ಹಾಕಿದ್ದ ಆ್ಯಪಿನಲ್ಲಿ ಅವರೇ ಫೋನಿನಲ್ಲಿ ಟೈಪ್ ಮಾಡಿದ ಕೆಲವೇ ಪ್ರಶ್ನೆಗಳಿದ್ದವು; ನಮ್ಮದಕ್ಕೆ ಪ್ರಶ್ನೆಗಳು ಬಂದದ್ದು ತರಬೇತಿ ಕೇಂದ್ರದ ಅಚ್ಚಾದ ಪುಸ್ತಕದಿಂದ. ಡಿಟಿಪಿ ಅಂಗಡಿಯಲ್ಲಿ ಹಳೆಯ ಕನ್ನಡ ಫಾಂಟಿನಲ್ಲಿ ಹೊಡೆದ ಕಡತವನ್ನು ನಮ್ಮವರು ಹಾಗೆಯೇ ಆ್ಯಪಿಗೆ ಸುರಿದಿದ್ದರು. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ‘ನ’ ಎಂದು ಕಾಣುವಲ್ಲೆಲ್ಲ ಒಳಗಿರುವುದು ಪೌಂಡಿನ ಚಿಹ್ನೆ. ಪರದೆಯ ಮೇಲೆ ಎಲ್ಲ ಸರಿ. ಓದಿ ಹೇಳುವ ಫೋನಿಗೆ ಮಾತ್ರ ಅದು ಕನ್ನಡವೇ ಅಲ್ಲ. ಕನ್ನಡವನ್ನು ಒಳಗೂ ಕನ್ನಡವಾಗಿಯೇ ಇಡುವ ಯೂನಿಕೋಡ್ ಬಂದು ಇಷ್ಟು ವರ್ಷವಾದ ಮೇಲೂ ನಮ್ಮ ಕಡೆ ಅಚ್ಚಿನ ಕೆಲಸವೆಲ್ಲ ಆ ಹಳೆಯ ಫಾಂಟಿನಲ್ಲಿಯೇ ಸಾಗುತ್ತದೆ.

ಇದೇ ಹೊತ್ತಿನಲ್ಲಿ ನನಗೆ ಇನ್ನೊಂದು ಸಂಗತಿ ಹೊಳೆಯಿತು. ತರಬೇತಿ ಕೇಂದ್ರದ ಸರ್ ಮೊದಲು ತಾವೇ ಹಾಕಿಕೊಂಡಿದ್ದರಲ್ಲ, ಆ ಛಲೋ ಓದುತ್ತಿದ್ದ ಆ್ಯಪ್, ಅದು ಇದೇ ಮುಕ್ತ ತಂತ್ರಾಂಶ. ‘ಪುಕ್ಕಟೆ ಸಿಗೂದು ಯಾವಾಗ ಕೈಕೊಡತೈತೋ ಹೇಳಾಕ ಬರಂಗಿಲ್ಲ’ ಎಂದು ಅವರನ್ನು ಹೆದರಿಸಿ, ಅದೇ ವಸ್ತುವಿನ ಹೆಸರು ಕೆರೆದು, ಮೇಲೆ ಫೋಟೊ ಅಂಟಿಸಿ, ಕೆಡಿಸಿ ಅವರಿಗೇ ಮಾರಿದ್ದರು ನಮ್ಮವರು. ಹಳೆಯ ಪುಟವನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದು ನೋಡಿದೆ. ಬಟನ್‌ಗಳ ಜಾಗ ಕೂಡ ಬದಲಾಗಿರಲಿಲ್ಲ. ಛೀ ಎಂದು ಬಾಯಿಬಿಟ್ಟೇ ಅಂದೆ.

ಮಾಲೀಕರಿಗೆ ಹೇಳಲು ಹೋದೆ. ಅವರು ಗಾಜಿನ ಕೋಣೆಯಲ್ಲಿ ಪೆಟ್ಟಿಗೆಯ ಧೂಳು ಒರೆಸಿಸುತ್ತಿದ್ದರು.

“ನೋಡ ತಂಗಿ, ಒಬ್ಬಾಕಿ ಸಲುವಾಗಿ ಇಡೀ ಆ್ಯಪ್ ಬಿಚ್ಚಾಕ ಆಗತೈತೇನು?”

“ಒಬ್ಬರು ಫೋನ್ ಮಾಡ್ಯಾರ ರಿ ಸಾಹೇಬ್ರ. ಮಾಡದವರು ಎಷ್ಟ ಮಂದಿ ಅದಾರೋ.”

“ಮತ್ತ ಆ ಫಾಂಟ್ ತಗೀಬ್ಯಾಡ. ಅದು ನಮ್ಮ ಸೆಕ್ಯುರಿಟಿ. ಯಾರರ ಪ್ರಶ್ನಿ ಕದ್ದು ಬ್ಯಾರೆ ಕಡೆ ಹಾಕಿದ್ರ ಬರೇ ಹುಚ್ಚುಚ್ಚಾರ ಅಕ್ಷರ ಬರತಾವು. ಬ್ರೋಷರ್‌ನ್ಯಾಗ ಹಂಗ ಹಾಕೇವಿ.”

ಅವರು ಹೇಳಿದ್ದು ನಿಜ. ನಮ್ಮ ಜಾಹೀರಾತಿನಲ್ಲಿ ‘ನಕಲು ನಿರೋಧಕ ತಂತ್ರಜ್ಞಾನ’ ಎಂದು ದಪ್ಪಕ್ಷರದಲ್ಲಿ ಇತ್ತು. ಡಿಟಿಪಿ ಅಂಗಡಿಯ ಹಳೆಯ ಫಾಂಟು ನಮ್ಮಲ್ಲಿ ಬಂದು ತಂತ್ರಜ್ಞಾನವಾಗಿತ್ತು. ಕದಿಯಬಾರದು ಎಂಬ ಉಪದೇಶ ಯಾರ ಬಾಯಿಂದ ಬರುತ್ತಿದೆ ನೋಡಿ ಎಂದು ನನಗೆ ಅಲ್ಲಿಯೇ ನಗು ಬರಬೇಕಾಗಿತ್ತು. ಬರಲಿಲ್ಲ.

ಆದರೂ ಕೆಲಸ ಶುರುಮಾಡಿದೆ. ಕೇಳಿದರೆ ಮತ್ತೆ ಬೇಡ ಅಂದಾರು ಎಂದು ಇನ್ನೊಮ್ಮೆ ಕೇಳಲೇ ಇಲ್ಲ. ಬಟನ್‌ಗಳ ಹೆಸರಿನ ಕಡತವನ್ನು ಮೂಲದಿಂದ, ಬರೆದವರ ಹೆಸರಿನ ಸಮೇತ, ವಾಪಸ್ ತಂದು ಕೂಡಿಸಿದೆ. ಪ್ರಶ್ನೆಗಳನ್ನು ಯೂನಿಕೋಡಿಗೆ ತಿರುಗಿಸಲು ಒಂದು ಪ್ರೋಗ್ರಾಂ ಹುಡುಕಿದೆ. ಅದೂ ಯಾರೋ ಕನ್ನಡದವರು ಬರೆದು ಬಿಟ್ಟುಕೊಟ್ಟದ್ದು. ಒಮ್ಮೆ ಓಡಿಸಿದಾಗ ‘ಕರ್ನಾಟಕ’ ಎಲ್ಲ ಕಡೆ ‘ಕನಾರ್ಟಕ’ ಆಗಿ ಕೂತಿತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಒತ್ತುತ್ತಾರೆ, ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ನಾನು ಅಲ್ಲೊಂದು ನಿಯಮ ಸೇರಿಸಿದೆ. ಅದು ಸರಿಹೋಗುವಷ್ಟರಲ್ಲಿ ವಿಜ್ಞಾನದ ಪ್ರಶ್ನೆಗಳು ಕೆಟ್ಟವು. ಅಲ್ಲಿದ್ದ ನಿಜವಾದ ಇಂಗ್ಲಿಷ್ ಅಕ್ಷರಗಳನ್ನೂ ಪ್ರೋಗ್ರಾಂ ಕನ್ನಡ ಎಂದು ತಿಳಿದು, ನೀರಿನ ರಾಸಾಯನಿಕ ಸೂತ್ರವನ್ನು ಯಾವ ಭಾಷೆಯಲ್ಲೂ ಇಲ್ಲದ ಶಬ್ದ ಮಾಡಿಟ್ಟಿತ್ತು. ಅಚ್ಚಿಗೆ ಕೊಟ್ಟ ಮೂಲ ಕಡತ ತರಿಸಿದೆ. ಯಾವ ತುಂಡು ಯಾವ ಫಾಂಟಿನಲ್ಲಿದೆ ಎಂಬ ಗುರುತು ಅದರಲ್ಲಿ ಉಳಿದಿತ್ತು. ಕನ್ನಡ ಫಾಂಟಿನ ತುಂಡುಗಳನ್ನಷ್ಟೇ ತಿರುಗಿಸಿ, ಉಳಿದವನ್ನು ಮುಟ್ಟದೆ ಬಿಟ್ಟೆ.

ಪರೀಕ್ಷಿಸಲು ಫೋನಿನ ಪರದೆಯನ್ನು ಕಪ್ಪು ಮಾಡಿ ಕಿವಿಯಿಂದಲೇ ಬಳಸಿ ನೋಡಿದೆ. ‘ಉತ್ತರ ಒಪ್ಪಿಸಿ’ ಬಟನ್ ಹುಡುಕುವಷ್ಟರಲ್ಲಿ ಪರೀಕ್ಷೆಯ ಸಮಯವೇ ಮುಗಿದುಹೋಯಿತು. ತಲೆ ಕೆಟ್ಟು ಅವಳ ಫೋನಿಗೇ ಪ್ರಯೋಗದ ಆವೃತ್ತಿ ಹಾಕಿಕೊಟ್ಟೆ. ಅವಳು ಓದುತ್ತಾ ಹೋಗಿ, ತಪ್ಪಿದ್ದಲ್ಲಿ ಫೋನ್ ಮಾಡುತ್ತಿದ್ದಳು. “ಅಕ್ಕಾರ, ಇಲ್ಲೆ ‘ಸಂವಿಧಾನ’ ಅನ್ನೂದನ್ನ ಮುರದು ಮುರದು ಹೇಳಾಕತ್ತೈತ್ರಿ,” ಎನ್ನುತ್ತಿದ್ದಳು. ನಾನು ತಿದ್ದುತ್ತಿದ್ದೆ. ಒಮ್ಮೆ ‘ಆ್ಯಪ್ ಬಗ್ಗೆ’ ಎಂಬ ಪುಟವನ್ನೂ ಕೇಳಿಸಿಕೊಂಡಳಂತೆ.

“ಭಾಳ ಮಂದಿ ಹೆಸರು ಓದತೈತ್ರಿ. ಎಲ್ಲೆಲ್ಲಿಯವರೋ. ನಡುವ ನಮ್ಮ ಕಡೆ ಹೆಸರೂ ಅದಾವಲ್ರಿ! ಇವರೆಲ್ಲಾ ಯಾರ್ರಿ?”

“ಇದನ್ನ ಬರದವರು ರಿ.”

“ಮತ್ತ ನಿಮ್ಮ ಸಾಹೇಬ್ರು?”

ಆ ಸಂಜೆ ಉಳಿದ ಚಿತ್ರಗಳ ಕೆಲಸ ಹಿಡಿದೆ. ಪ್ರತಿ ಚಿತ್ರಕ್ಕೂ ಎರಡೇ ದಾರಿ: ಒಂದೋ ಅದಕ್ಕೊಂದು ಹೆಸರು ಕೊಡಬೇಕು, ಇಲ್ಲವೇ ‘ಬರೀ ಅಲಂಕಾರ, ಓದುವುದು ಬೇಡ’ ಎಂದು ಗುರುತು ಹಾಕಬೇಕು. ಗುರುತು ಹಾಕಿದರೆ ಫೋನು ಅದನ್ನು ಇಲ್ಲವೇ ಇಲ್ಲ ಎಂಬಂತೆ ದಾಟಿ ಹೋಗುತ್ತದೆ. ಬಳ್ಳಿಯ ಅಂಚಿಗೆ, ಬಣ್ಣದ ಪಟ್ಟಿಗೆ ಆ ಗುರುತು ಹಾಕಿದೆ. ಮಾಲೀಕರ ಫೋಟೊಗೂ ಅದನ್ನೇ ಹಾಕಿದೆ. ನಿಯಮದ ಪ್ರಕಾರ ನೋಡಿದರೂ ಅದೇ ಸರಿ.

ಅಷ್ಟರಲ್ಲಿ ಮಾಲೀಕರೇ ನನ್ನನ್ನು ಕರೆಸಿದರು. ಮುಖದ ಮೇಲೆ ಕಳೆ ಇತ್ತು.

“ಆ ಹುಡುಗಿ ವಿಷಯ ವಿಚಾರ ಮಾಡಿದೆ ತಂಗಿ. ತರಬೇತಿ ಕೇಂದ್ರದಾಗ ನಮ್ಮ ಆ್ಯಪಿನ ಕಾರ್ಯಕ್ರಮ ಐತಲ್ಲ, ಬ್ಯಾರೆ ಕಾಲೇಜಿನವರೂ ಬರತಾರ. ಆಕಿನ್ನ ವೇದಿಕಿಗೆ ಕರದು ಶಾಲು ಹಾಕೂಣು, ಹಣ್ಣಿನ ಬುಟ್ಟಿ ಕೊಡೂಣು. ‘ಅಂಧರಿಗೂ ಬೆಳಕು’ ಅಂತ ವಿಡಿಯೊ ಬಿಡೂಣು.”

“ಆ್ಯಪ್ ಸರಿ ಮಾಡಿ ಕೊಡಾಕ ಬರತೈತ್ರಿ. ಕೆಲಸ ಮುಗದಂಗ ಐತಿ. ಬರದವರ ಹೆಸರು ವಾಪಸ್ ಹಾಕಬೇಕಾಗತೈತಿ, ಫಾಂಟ್ ತಗೀಬೇಕಾಗತೈತಿ, ಅಷ್ಟ.”

“ಅದೊಂದು ಬಿಟ್ಟು ಹೇಳು. ನೀ ಹಿಂಗ ಮಾಡು. ಒಂದೆರಡು ಪ್ರಶ್ನಿ ನಿನ್ನ ದನಿಯಾಗ ರೆಕಾರ್ಡ್ ಮಾಡಿ ಇಡು. ಆಕಿ ಬಟನ್ ಒತ್ತಿದಾಗ ಅದು ಬರಲಿ. ಮಂದಿಗೇನು ಗೊತ್ತಾಗತೈತಿ?”

“ಆಕೀಗೆ ಗೊತ್ತಾಗತೈತಲ್ರಿ.”

ಅವರು ನಕ್ಕರು. “ಶಾಲು ಹಾಕಿದ ಮ್ಯಾಲೆ ಯಾರರ ಏನರ ಅಂತಾರೇನು?”

ನಾನು ಎದ್ದು ಬಂದೆ. ಹೇಸಿಗೆ ಅಂದರೆ ಏನು ಎಂದು ನನಗೆ ಅಂದು ಸರಿಯಾಗಿ ಗೊತ್ತಾಯಿತು. ಸಿಟ್ಟು ಬಂದರೆ ಮಾತಾಡಬಹುದು, ಹೇಸಿಗೆಗೆ ಬಾಯಿ ತೆರೆಯಲೂ ಆಗುವುದಿಲ್ಲ. ಅದರಲ್ಲೂ ಹೆಚ್ಚು ಕೆಡುಕೆನಿಸಿದ್ದು ಅವರ ಲೆಕ್ಕ ತಪ್ಪಿರಲಿಲ್ಲ ಎಂಬುದು. ನಮ್ಮ ಧಾರವಾಡದಲ್ಲಿ ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಸೇಬು ಹಣ್ಣು ಕೊಟ್ಟು ಎಷ್ಟು ಜನರ ಬಾಯಿ ಮುಚ್ಚಿಸಿದ್ದನ್ನು ನಾನೇ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಾ ನೋಡಿದ್ದೇನೆ. ಸನ್ಮಾನ ಮಾಡಿಸಿಕೊಂಡವರು ದೂರು ಹೇಳಿದರೆ ನಮ್ಮಲ್ಲಿ ಅವರನ್ನೇ ಸಣ್ಣವರು ಅನ್ನುತ್ತಾರೆ.

ನೇರವಾಗಿ ತರಬೇತಿ ಕೇಂದ್ರದ ಸರ್ ಬಳಿ ಹೋದೆ. ಪ್ರಶ್ನೆಗಳು ಅವರವು, ಅವುಗಳ ಮೇಲೆ ಮಾತು ಅವರದೇ ನಡೆಯಬೇಕು. ಹಳೆಯದನ್ನೂ ಹೊಸದನ್ನೂ ಅವರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು.

“ಅಂದ್ರ ನನ್ನ ಮನಿ ಬಾಗಲಾ ಬಿಚ್ಚಿ ನನಗ ಮಾರ್ಯಾರ?”

“ಕೀಲಿ ಮುರದು ಮಾರ್ಯಾರ ರಿ ಸರ್.”

“ನೀವು ಅಲ್ಲೇ ಕೆಲಸ ಮಾಡ್ತೀರಲ್ರಿ, ಇದನ್ನ ಹೇಳಿದ್ರ ನಿಮಗ ತ್ರಾಸ ಆಗಂಗಿಲ್ಲೇನು?”

“ಆಗತೈತ್ರಿ.”

ಅವರು ಅಲ್ಲಿಯೇ ಕಂಪ್ಯೂಟರ್ ತೆರೆದರು. ‘ನನ್ನ ಪ್ರಶ್ನೆಗಳನ್ನು ಎಲ್ಲರಿಗೂ ಓದಲು ಬರುವಂತೆ ಮಾಡಿ, ತಂತ್ರಾಂಶ ಬರೆದವರ ಹೆಸರುಗಳನ್ನು ಇಟ್ಟು ಕೊಡಿ’ ಎಂದು ಕಂಪನಿಗೆ ಒಂದು ಮೇಲ್ ಬರೆದರು. ಕಾರ್ಯಕ್ರಮಕ್ಕೆ ಆಮಂತ್ರಣ ಹೋಗಿದೆ, ಅದು ಆಗಲಿ, ಉಳಿದದ್ದು ಆಮೇಲೆ ನೋಡೋಣ ಅಂದರು. ಗಿರಾಕಿಗಳ ಮೇಲ್ ಬರುವುದು ನನಗೇ. ಹೊಸ ಆವೃತ್ತಿಗೆ ಡಿಜಿಟಲ್ ಸಹಿ ಹಾಕಿ ಸ್ಟೋರಿಗೆ ಕಳಿಸುವ ಕೀಲಿಯೂ ನನ್ನ ಬಳಿಯೇ ಇತ್ತು. ಕಳಿಸುವ ಬಟನ್ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ. ಕೆಲಸ ಹೋದರೆ ಏನು ಮಾಡುವುದು ಎಂದು ಹೆದರಿಕೆ ಆದದ್ದು ಖರೆ. ಮಾಲೀಕರು ಮಾಡೆಂದ ಆ ರೆಕಾರ್ಡಿಂಗ್ ನೆನಪಾಯಿತು. ನನ್ನ ದನಿಯಲ್ಲಿ ಅವಳಿಗೇ ಮೋಸ ಮಾಡಬೇಕಾಗಿತ್ತು. ಒತ್ತಿಬಿಟ್ಟೆ.

ಸ್ಟೋರಿನವರ ಒಪ್ಪಿಗೆ ಬಂದದ್ದು ಕಾರ್ಯಕ್ರಮದ ಹಿಂದಿನ ದಿನ. ನಾನೇ ಹೋಗಿ ಮಾಲೀಕರಿಗೆ ಹೇಳಿದೆ.

“ಹಿಂದಕ್ ತಗಿ!” ಎಂದು ಮೇಜು ಗುದ್ದಿದರು.

“ಬರಂಗಿಲ್ರಿ. ಸ್ಟೋರಿನ್ಯಾಗ ಆವೃತ್ತಿ ಮುಂದಕ್ಕ ಹೋಗತೈತಿ, ಹಿಂದಕ್ಕ ಬರಂಗಿಲ್ಲ. ಹಳೇದನ್ನ ಹೊಸ ನಂಬರ್ ಹಾಕಿ ಮತ್ತ ಕಳಿಸಬೇಕು, ಮತ್ತ ಒಪ್ಪಿಗಿ ಬರಬೇಕು. ನಾಳಿಗೆ ಆಗಂಗಿಲ್ಲ. ಗಿರಾಕಿ ಕೇಳಿದ್ದು ಬರವಣಿಗಿಯಾಗ ಐತಿ.”

ಕೂಗಾಡಿದರು, ಬೆವರಿದರು, ನೀರು ಕುಡಿದರು. ಆಮೇಲೆ ಇದ್ದಕ್ಕಿದ್ದಂತೆ ಶಾಂತರಾದರು.

“ಇರಲಿ ಬಿಡು. ನಾವ ಮಾಡೇವಿ ಅಂತ ಹೇಳಿದ್ರಾತು.”

ಆ ಕೂಗಾಟಕ್ಕಿಂತ ಈ ಶಾಂತಿ ನನಗೆ ಹೆಚ್ಚು ಅಸಹ್ಯವಾಯಿತು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲೂ ಅದೇ ಫೋಟೊ, ಅದೇ ಗದ್ದ. ಶಿರಗುಪ್ಪಿಯವಳನ್ನು ಕರೆದರು. ನಾನೇ ಕೈಹಿಡಿದು ಮೆಟ್ಟಿಲು ಹತ್ತಿಸಿದೆ. ಅವಳು ಸಾದಾ ಹತ್ತಿ ಸೀರೆ ಉಟ್ಟಿದ್ದಳು. ಮಾಲೀಕರು ಶಾಲು ಹೊದಿಸಿ, ಕ್ಯಾಮೆರಾ ಕಡೆ ತಿರುಗಿ, ಕ್ಯಾಮೆರಾದವನು ಸಾಕು ಎನ್ನುವ ತನಕ ಶಾಲಿನ ಅಂಚು ಬಿಡಲಿಲ್ಲ. ಬಳಿಕ ಅವಳ ಫೋನಿನ ಹತ್ತಿರ ಮೈಕ್ ಹಿಡಿದರು.

“ಈಗ ಆ್ಯಪ್ ತಗಿಯವಾ. ತಗದ ಕೂಡಲೆ ಮೊದಲ ಏನ ಬರತೈತಿ, ಎಲ್ಲಾರೂ ಕೇಳಲಿ.”

ಜನರಿಗೆ ತಿಳಿಯಲೆಂದು ಅವಳು ಓದುವ ವೇಗ ತಗ್ಗಿಸಿ, ಬೆರಳು ಮುಟ್ಟಿಸಿದಳು. ಫೋನು ಸ್ಪಷ್ಟ ಕನ್ನಡದಲ್ಲಿ ಹೇಳಿತು: “ಅಭ್ಯಾಸ ಪರೀಕ್ಷೆ ಶುರುಮಾಡಿ. ಬಟನ್.”

“ಅದಲ್ಲವಾ. ಅದಕ್ಕಿಂತ ಮೊದಲ?”

ಅವಳು ಬೆರಳನ್ನು ಹಿಂದಕ್ಕೆ ಸರಿಸಿದಳು. ಟಣ್ ಎಂದು ಸಣ್ಣ ಸದ್ದಾಯಿತು. ಇನ್ನು ಹಿಂದೆ ಹೋಗಲು ಜಾಗವಿಲ್ಲ ಎಂದು ಫೋನು ತಿಳಿಸುವ ಬಗೆ ಅದು. ಮಾಲೀಕರು ಬ್ಯಾನರಿನಲ್ಲಿದ್ದ ತಮ್ಮ ಫೋಟೊ ಕಡೆ ಒಮ್ಮೆ ನೋಡಿ, ನಗುತ್ತಾ ಕೇಳಿದರು, “ಸರಿ ನೋಡು, ಮೊದಲ ಏನೋ ಇರಬೇಕಲ್ಲ?”

ಅವಳು ಮತ್ತೊಮ್ಮೆ ಸರಿಸಿ ನೋಡಿದಳು. ಮೈಕಿನಲ್ಲಿ ಮತ್ತೆ ಟಣ್.

“ಅದಕ್ಕಿಂತ ಮೊದಲ ಏನೂ ಇಲ್ರಿ ಸಾಹೇಬ್ರ,” ಅಂದಳು.

ಹಿಂದಿನ ಸಾಲಿನ ವಿದ್ಯಾರ್ಥಿಗಳು ಮೊದಲು ನಕ್ಕರು, ಆಮೇಲೆ ಮುಂದಿನವರೂ. ಸರ್ ಕನ್ನಡಕ ಒರೆಸುತ್ತಾ ತಲೆ ತಗ್ಗಿಸಿದ್ದರು. ಮಾಲೀಕರು ನನ್ನ ಕಡೆ ನೋಡಿದರು. ನಾನು ಹಣ್ಣಿನ ಬುಟ್ಟಿ ನೋಡಿದೆ. ಅವಳು ಯಾರಿಗೂ ಕಾಯದೆ ಪರೀಕ್ಷೆ ಶುರುಮಾಡಿದಳು. ಫೋನು ‘ಕರ್ನಾಟಕ’ ಎಂದು ಒಂದಿಷ್ಟೂ ತಡವರಿಸದೆ ಓದಿತು.

ಕೆಳಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಮೇಲೆ ಮಾಲೀಕರ ಭಾಷಣ ಶುರುವಾಗಿತ್ತು. ‘ಸಂಪೂರ್ಣ ನಮ್ಮದೇ’ ಎಂಬ ಮಾತು ಆಗಲೇ ಬಂದುಹೋಗಿತ್ತು. ನಾಳೆಯಿಂದ ನನಗೆ ಆ ಕಚೇರಿ ಇಲ್ಲ ಎಂದು ಆ ಮುಖ ನೋಡಿಯೇ ಗೊತ್ತಾಗಿತ್ತು. ಅವಳು ಶಾಲು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಓದುವ ವೇಗವನ್ನು ತನ್ನ ಮೊದಲಿನ ಅಳತೆಗೆ ಏರಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಿವಿಯದು ತೆಗೆದು ನನ್ನತ್ತ ಬಾಗಿದಳು.

“ಅಕ್ಕಾರ, ಭಾಷಣ ಮುಗೀತೇನ್ರಿ?”

“ಇಲ್ಲ, ಇನ್ನೂ ಭಾಳ ಐತಿ.”

“ಹಂಗಾರ ಇನ್ನೊಂದು ಪೇಪರ್ ಆಗತೈತಿ,” ಎಂದು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.